ಮಾವ ಹಾಕಿದ ರಂಗೋಲಿ ಗೆರೆ

೧೯೮೩ರ ಎಳ್ಳಮಾಸಿ ಹಬ್ಬದ ದಿನ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ಮಾನ್ವಿಯ ನಮ್ಮ ಮನೆಯ ಅಂಗಳದಲ್ಲಿ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಅಲ್ಲಿಂದ ಕಂಡದ್ದನ್ನು ಹೇಳುವ ಮೊದಲು ನನ್ನ ಸೋದರಮಾವನ ಬಗ್ಗೆ ಒಂದು ಮಾತು. ಮನುಷ್ಯರ ಮಾತಿಗಿಂತ ಇಲಿಯ ನಡಿಗೆಯನ್ನು ಹೆಚ್ಚು ನಂಬಿದ ಗಂಡಸು ನಮ್ಮ ಸೀಮೆಯಲ್ಲಿ ಅವನೊಬ್ಬನೇ.

ಅಕ್ಕಿ ವ್ಯಾಪಾರದ ಊರಿನವನು ಇಲಿ ಕಂಡರೆ ಕೋಲು ಹುಡುಕಬೇಕಲ್ಲವೇ? ಮಾವ ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಬಿಳಿ ಇಲಿಗಳಿಗೆ ಕಾಳು ಹಾಕಿ ಸಂಬಳ ತೆಗೆದುಕೊಳ್ಳುತ್ತಿದ್ದ! ಅಲ್ಲಿ ಇಲಿಯ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾನ್ಸರಿನ ಜೀವಕೋಶಗಳನ್ನು ಬಿಟ್ಟು, ಅವು ಮಿದುಳಿನಲ್ಲಿ ಹೇಗೆ ಬೇರೂರುತ್ತವೆ ಎಂದು ನೋಡುತ್ತಿದ್ದರು. ಬೇರೂರಿದರೆ ಇಲಿ ಒಂದು ಪಕ್ಕಕ್ಕೆ ವಾಲುತ್ತದೆ. ಡಾಕ್ಟರ ಕಣ್ಣಿಗಿಂತ ಎರಡು ದಿನ ಮೊದಲೇ ಅದು ಮಾವನಿಗೆ ಕಾಣುತ್ತಿತ್ತಂತೆ. ಹಾಗೆಂದು ಹೇಳಿದವನು ಮಾವನೇ.

ಆ ಚಟ ಮನೆಗೂ ಬಂತು. ಪ್ರತಿ ಭಾನುವಾರ ಬಸ್ಸಿಳಿದು ಬಂದವನೇ ಅಂಗಳದಲ್ಲಿ ರಂಗೋಲಿ ಪುಡಿಯಿಂದ ನೆಟ್ಟಗೆ ಒಂದು ಗೆರೆ ಎಳೆದು, ಸಿಕ್ಕವರನ್ನೆಲ್ಲ ಅದರ ಮೇಲೆ ನಡೆಸುತ್ತಿದ್ದ. ನನ್ನ ತಂಗಿಯನ್ನು ನೋಡಲು ದೇವದುರ್ಗದಿಂದ ಬಂದ ವರನನ್ನೂ ಬಿಡಲಿಲ್ಲ.

"ಬಲಕ್ಕ ವಾಲಾಕತ್ತೀರಲ್ರೀ, ತಲಿ ನೋಯ್ತದೇನು?"

"ತಲಿ ಅಲ್ರೀ, ಕಾಲು. ನಮ್ಮಣ್ಣನ ಚಪ್ಲಿ ಹಾಕ್ಕೊಂಡು ಬಂದೀನಿ."

ತಂಗಿ ಒಳಗಿನಿಂದ ನಕ್ಕಳು. ಮದುವೆ ಅಲ್ಲೇ ನಿಶ್ಚಯವಾಯಿತು.

ಅವ್ವನಿಗೆ ಎರಡು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಗೆರೆಯ ಮೇಲೆ ಅವಳ ಸರದಿ ಯಾವಾಗಲೂ ಕೊನೆಗೆ.

"ನಾನೇನು ನಿನ್ನ ಇಲಿ ಏನಲೇ, ತಮ್ಮಾ?"

"ಇಲಿ ಇಷ್ಟು ಮಾತಾಡಂಗಿಲ್ಲಕ್ಕ. ನಡಿ."

ಊರನ್ನೆಲ್ಲ ನಡೆಸಿದ್ದು ಅವಳೊಬ್ಬಳ ಸಲುವಾಗಿ, ಅವಳಿಗೆ ಸಂಶಯ ಬಾರದಿರಲಿ ಎಂದು. ಅದು ನಮಗೆ ಹೊಳೆದದ್ದು ಆ ಎಳ್ಳಮಾಸಿಯಂದೇ.

ಅಂದು ಅವ್ವ ನಾಲ್ಕು ಹೆಜ್ಜೆ ಗೆರೆಯ ಮೇಲೆ ಇಟ್ಟಳು. ಐದನೆಯದು ಎಡಕ್ಕೆ ಬಿತ್ತು. ಆರನೆಯದು ಇನ್ನೂ ಎಡಕ್ಕೆ. ಅವಳಿಗೆ ಗೊತ್ತಾಗಲಿಲ್ಲ, ತುದಿಯ ತನಕ ಹಾಗೇ ಹೋದಳು. ಮಾವ ಅವಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಗೆರೆ ಒರೆಸಿ, ಅವಳ ಹೆಜ್ಜೆಗುರುತುಗಳ ಮೇಲೆ ಹೊಸದು ಎಳೆದ.

ಅವ್ವ ತಿರುಗಿದಳು. "ಸರಿ ಬಂದ್ನೇನೋ?"

"ಗೆರಿ ಮ್ಯಾಲೇ ಬಂದೀಯಕ್ಕ."

"ಗೆರಿನೇ ಸೊಟ್ಟ ಅದಲ್ಲೋ."

"ಗಂಡಸಿಗೆ ರಂಗೋಲಿ ಎಲ್ಲಿ ಬರ್ತದಕ್ಕ," ಎಂದ ಮಾವ.

ಅವ್ವ ನಕ್ಕು, ಹಬ್ಬದ ಸಜ್ಜೆ ರೊಟ್ಟಿ ತಟ್ಟಲು ಒಳಗೆ ಹೋದಳು. ಈಗ ಅವಳೂ ಇಲ್ಲ, ಮಾವನೂ ಇಲ್ಲ. ಇದನ್ನು ಹೊಸ್ತಿಲಲ್ಲಿ ನಿಂತು ನೋಡಿದ ನನ್ನ ತಂಗಿ ಶಾಂತವ್ವ ಇದ್ದಾಳೆ, ದೇವದುರ್ಗದಲ್ಲಿ.