ಅಕ್ಕನಿಗೊಂದು ಪಾತ್ರ ಬೇಕಾಗಿದೆ

ಒಂದೇ ಮನೆಯಲ್ಲಿ ಇಬ್ಬರಿಗೆ ಪ್ರತಿಭೆ ಬಂದರೆ, ಟಿವಿಯವರು ಯಾವಾಗಲೂ ಕಡಿಮೆ ಇರುವವರನ್ನೇ ಆರಿಸುತ್ತಾರೆ. ನಮ್ಮೂರು ಭಾಗ್ಯನಗರದಲ್ಲಿ ನಾನು ಅಣಕಿಸದ ದನಿಯಿಲ್ಲ. ಹಿಟ್ಟಿನ ಗಿರಣಿಯನ್ನೂ ಬಿಟ್ಟಿಲ್ಲ. ಆದರೆ ಕಾಮಿಡಿ ಶೋಗೆ ಹೋದದ್ದು ನನ್ನ ಅಕ್ಕ ಗಿರಿಜಾ. ಮೊದಲು ಹಿಂದೆ ನಿಂತು ನಗುವ ಪಾತ್ರ, ಆಮೇಲೆ ರೊಟ್ಟಿ ಬಡಿಯುತ್ತ ಕಿರುಚುವ ಪಾತ್ರ. ಟಿವಿಯವರ ಪ್ರಕಾರ ನಮ್ಮ ಕಡೆಯ ಹೆಂಗಸರಿಗೆ ಬೇರೆ ಉದ್ಯೋಗವಿಲ್ಲ. ಕೊನೆಗೆ ಯಲಬುರ್ಗಾದ ನಮ್ಮ ಸೋದರತ್ತೆಯ ನಡಿಗೆ, ಬೈಗುಳ, ಎಲೆಅಡಿಕೆ ಚೀಲ ಎಲ್ಲವನ್ನೂ ಎತ್ತಿಕೊಂಡು ಜಗಳಗಂಟಿ ಅತ್ತೆಯಾದಳು, ಹೆಸರು ಮಾಡಿದಳು.

ಈ ಸಲ ನಾಗರಪಂಚಮಿಗೆ ತವರಿಗೆ ಬಂದ ಅಕ್ಕ ಹಬ್ಬದ ಉಂಡಿ ಮುಟ್ಟಲಿಲ್ಲ. ಅತ್ತೆಯ ಪಾತ್ರ ಹಳಸಿದೆಯಂತೆ. ಹೊಸದೊಂದು ತರದಿದ್ದರೆ ಶೋಗೆ ಬರುವುದೇ ಬೇಡ ಎಂದಿದ್ದಾರಂತೆ. ಅದಕ್ಕೇನು, ನಮ್ಮ ಬಳಗವೇ ಒಂದು ಗೋದಾಮು ಎಂದು ಕರೆದುಕೊಂಡು ಹೊರಟೆ. ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಯಲಬುರ್ಗಾದ ಅತ್ತೆ ಜೀವಮಾನದಲ್ಲೇ ಮೊದಲ ಸಲ ಸೊಸೆಗೆ, "ಸ್ವಲ್ಪ ನೀರು ಕೊಡುತ್ತೀಯೇನಮ್ಮಾ?" ಎಂದಳು. ಸೊಸೆ ಗಾಬರಿಯಾಗಿ ಡಾಕ್ಟರಿಗೆ ಫೋನು ಹಚ್ಚಿದಳು.

"ಅತ್ತಿ, ಒಂದ್ಸಲನರ ಬೈಯಬೇ," ಎಂದು ಅಕ್ಕ ಅಂಗಲಾಚಿದಳು.

"ಬೈದ್ರ ಟಿವಿಯಾಗ ಹಾಕ್ತಿ. ಇನ್ನ ನಾ ಬೈಯಂಗಿಲ್ಲ. ನಾನು ಬಹಳ ಸುಸಂಸ್ಕೃತಳು!"

ಕುಷ್ಟಗಿಯ ಮಾವ ಚೌಕಾಶಿ ಮಾಡದೆ ಬದನೆಕಾಯಿ ತಂದರು. ಗಂಗಾವತಿಯ ಚಿಗವ್ವ, ನಲ್ಲಿಯ ಮುಂದೆ ದಿನಾ ಜಗಳಾಡುವ ನೆರೆಯವಳನ್ನೇ ಕರೆದು ಚಹ ಕುಡಿಸಿದಳು. ಇಷ್ಟು ಸಜ್ಜನರ ನಡುವೆ ಬದುಕುವುದು ಕಲಾವಿದರಿಗೆ ಬಲು ಕಷ್ಟ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕನ ಕಣ್ಣಲ್ಲಿ ನೀರು. "ಅಳಬ್ಯಾಡ, ನಾ ಅದೀನಲ್ಲ," ಎಂದು ಇಡೀ ಬಳಗವನ್ನು ಮಾಡಿ ತೋರಿಸಿದೆ. ಕಂಡಕ್ಟರನನ್ನೂ ಬಿಡಲಿಲ್ಲ. ನಗದೆ ಕೂತ ಪ್ರಯಾಣಿಕರ ಭುಜ ಅಲುಗಾಡಿಸಿ, "ಹೆಂಗಾತ್ರಿ? ಹೆಂಗಾತು?" ಎಂದು ಕೇಳಿದೆ. ಅಕ್ಕ ಕಣ್ಣೊರೆಸಿಕೊಂಡು ಎವೆಯಿಕ್ಕದೆ ನನ್ನನ್ನೇ ನೋಡಿದಳು. ಅಂತೂ ನನ್ನ ಕಲೆ ಅವಳಿಗೆ ಅರ್ಥವಾಯಿತೆಂದು ಹಿಗ್ಗಿದೆ.

ಮುಂದಿನ ತಿಂಗಳು ಅಕ್ಕ ಪ್ಯಾಂಟು ಹಾಕಿಕೊಂಡು ಟಿವಿಗೆ ಬಂದಳು. ಕೆಲಸವಿಲ್ಲದ ಹುಡುಗನೊಬ್ಬ ಕಂಡವರನ್ನೆಲ್ಲ ಅಣಕಿಸುತ್ತಾನೆ, ನಗದವರ ಭುಜ ಹಿಡಿದು "ಹೆಂಗಾತ್ರಿ?" ಎನ್ನುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ವಾರವಾರವೂ ಅವನೇ ಬೇಕಂತೆ. ಅಕ್ಕನ ಕೆಲಸ ಉಳಿಯಿತು. "ಅಯ್ಯ, ನೀ ಮಾಡೂದಕ್ಕಿಂತ ಭಾಳ ಕಡಿಮಿ ಮಾಡ್ಯಾಳ," ಎಂದಳು ಅವ್ವ.

ಸಿಟ್ಟಿನಿಂದ ಓಣಿಯ ಕಟ್ಟೆಗೆ ಹೋಗಿ, "ಅಸಲಿ ಮಾಲು ಇಲ್ಲೈತಿ ನೋಡ್ರಿ!" ಎಂದು ನನ್ನನ್ನೇ ನಾನು ಮಾಡಿ ತೋರಿಸಿದೆ. ಕಟ್ಟೆಯ ಹಿರಿಯರು ತಲೆದೂಗುತ್ತ ನೋಡಿ ಹೇಳಿದರು:

"ಅಡ್ಡಿಯಿಲ್ಲ ತಮ್ಮಾ. ಆದ್ರ ನಿಮ್ಮಕ್ಕಗ ಬಂದಂಗ ನಿನಗ ಬರಂಗಿಲ್ಲ ಬಿಡು."