ದರ್ಜಿಯ ಮುಂದಿನ ಎರಡು ಹಲ್ಲು

ಕತ್ತರಿ ಇರುವುದು ಬಟ್ಟೆ ಕತ್ತರಿಸಲು. ದಾರಕ್ಕೆಂದೇ ದೇವರು ಬಾಯಲ್ಲಿ ಮುಂದಿನ ಎರಡು ಹಲ್ಲು ಕೊಟ್ಟಿದ್ದಾನೆ ಎಂಬುದು ದರ್ಜಿಯ ನಂಬಿಕೆ. ಆ ಎರಡೂ ಒಂದು ದಪ್ಪ ಕೋಟಿನ ಗುಂಡಿಯ ದಾರ ಕಚ್ಚುವಾಗ ಒಟ್ಟಿಗೇ ಕೈಕೊಟ್ಟವು. ಅಂದಿನಿಂದ ಕೆಲಸದ ಓಟವೇ ಕೆಟ್ಟಿತು. ಅಭ್ಯಾಸಬಲದಿಂದ ಬಟ್ಟೆ ಬಾಯಿಗೆ ಹೋಗುತ್ತಿತ್ತು, ದಾರ ಬರಿದಾದ ಜಾಗದಲ್ಲಿ ಸುಮ್ಮನೆ ಜಾರುತ್ತಿತ್ತು. ಆಮೇಲೆ ಅವನು ಕತ್ತರಿಗಾಗಿ ಬಟ್ಟೆಯ ರಾಶಿಯನ್ನು ಕೋಳಿಯ ಹಾಗೆ ಕೆದಕಬೇಕಿತ್ತು.

"ಇವತ್ತೇ ಹಲ್ಲು ಕಟ್ಟಿಸ್ಕೊಂಡು ಬನ್ನಿ," ಎಂದಳು ಹೆಂಡತಿ. "ಬ್ರಿಜ್ ಹಾಕಿಸಿ. ಅಕ್ಕಪಕ್ಕದ ಹಲ್ಲೇ ಹೊಸದನ್ನ ಹೆಗಲ ಮೇಲೆ ಹೊತ್ಕೊಳ್ಳುತ್ತೆ."

ಎದುರಂಗಡಿಯ ಕ್ಷೌರಿಕನಿಗೆ ಇದು ಕೇಳಿಸಿತು. ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿ ಬಂದ. "ಬ್ರಿಜ್ಜೂ ಬೇಡ ಗಿಜ್ಜೂ ಬೇಡ. ತೆಗೆದು ಹಾಕೋ ಸೆಟ್ ಮಾಡಿಸು ಮಾರಾಯ. ನನ್ನದು ನೋಡು!" ಎಂದು ಬಾಯಿಯಿಂದ ಹಲ್ಲಿನ ಸಾಲನ್ನೇ ತೆಗೆದು ಇಸ್ತ್ರಿಯ ಮೇಜಿನ ಮೇಲಿಟ್ಟ. ಮುಂದೆ ಅವನು ಹೇಳಿದ್ದೊಂದೂ ಯಾರಿಗೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಭಾವಮೈದ ಬಂದ. ಅವನು ಬಡಗಿ. "ಭಾವ, ಇವರ ಮಾತು ಕೇಳಬೇಡಿ. ದವಡೆಗೇ ಸ್ಕ್ರೂ ಬಿಗಿದು ಹಲ್ಲು ಕೂರಿಸ್ತಾರೆ, ಇಂಪ್ಲಾಂಟ್ ಅಂತ. ಸ್ಕ್ರೂ ಬಿಗಿದಿದ್ದು ಬೀಳೋದನ್ನ ಎಲ್ಲಾದ್ರೂ ನೋಡಿದೀರಾ?"

"ನೋಡಿದೀನಿ," ಎಂದ ದರ್ಜಿ. "ನೀನು ಹಾಕಿಕೊಟ್ಟ ಕಪಾಟು."

ಮೂವರೂ ಅವನನ್ನು ಕಳ್ಳನನ್ನು ಹಿಡಿದ ಹಾಗೆ ನಡುವೆ ಹಾಕಿಕೊಂಡು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರು. ಕಾಯುವ ಕೋಣೆಯಲ್ಲಿ ಜಗಳ ಹೊತ್ತಿಕೊಂಡಿತು. ಹೆಂಡತಿಯ ಮಾತು ಕೇಳಿ ಒಬ್ಬ ಮುದುಕಪ್ಪ ಸೆಟ್ ಬಿಟ್ಟು ಬ್ರಿಜ್ ಕಡೆ ವಾಲಿದ. ಬ್ರಿಜ್ ಹಾಕಿಸಲು ಬಂದಿದ್ದ ಟೀಚರಮ್ಮ ಬಡಗಿಯ ಸ್ಕ್ರೂ ಮಾತಿಗೆ ಹೆದರಿ ಎದ್ದೇ ಹೋದರು. ಕೆನ್ನೆ ಊದಿಸಿಕೊಂಡು ಕೂತಿದ್ದವನೊಬ್ಬ, "ನೋವಿರೋನು ನಾನು, ಸ್ವಲ್ಪ ಸುಮ್ನಿರ್ರಪ್ಪಾ!" ಎಂದು ಕೂಗಿದ.

ಡಾಕ್ಟರೇ ಹೊರಗೆ ಬಂದು ದರ್ಜಿಯನ್ನು ಒಳಗೆಳೆದುಕೊಂಡು ಹೋಗಿ ಕುರ್ಚಿಯಲ್ಲಿ ಮಲಗಿಸಿದರು. ಮೂವರೂ ಬಾಗಿಲಲ್ಲಿ ಕತ್ತು ಚಾಚಿದರು.

"ಯಾವುದು ಬೇಕು ನಿಮಗೆ?"

ದರ್ಜಿಯ ಕಣ್ಣು ಡಾಕ್ಟರ ಬಿಳಿ ಕೋಟಿನ ಮೇಲೆ ನೆಟ್ಟಿತ್ತು. ಎದೆಯ ಗುಂಡಿಯೊಂದು ಒಂದೇ ಎಳೆಗೆ ಜೋತಾಡುತ್ತಿತ್ತು. ಅವನಿಂದ ತಡೆಯಲಾಗಲಿಲ್ಲ. ಎದ್ದು ಕೂತು, ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿದಾರ ತೆಗೆದು ಗುಂಡಿಯನ್ನು ಬಿಗಿಯಾಗಿ ಹೊಲಿದ. ಗಂಟು ಹಾಕಿ ದಾರಕ್ಕೆ ಬಾಯಿ ಹಾಕಿದ. ಜಾರಿತು.

"ಇದೇ ನನ್ನ ಕಷ್ಟ ಡಾಕ್ಟ್ರೇ. ಈ ದಾರ ಕಚ್ಚೋ ಹಲ್ಲು ಯಾವುದೋ ಅದನ್ನೇ ಹಾಕಿ."

"ಹಾಗಾದ್ರೆ ಬ್ರಿಜ್," ಎಂದರು ಡಾಕ್ಟರು. "ನಂದೂ ಅದೇ. ಗೊತ್ತೇ ಆಗಲ್ಲ, ಅಲ್ವಾ?" ಎಂದು ಮುಂದಿನ ಹಲ್ಲುಗಳನ್ನು ಮಿಂಚಿಸಿದರು.

ಬಾಗಿಲಲ್ಲಿ ಹೆಂಡತಿಯ ಮುಖ ಊರಗಲವಾಯಿತು.

"ದಾರ ಕಚ್ಚಿ ನೋಡಿದೀರಾ?" ಎಂದು ಕೇಳಿದ ದರ್ಜಿ.

"ಎಲ್ಲಿ ನೋಡ್ತಾರೆ? ನಿನ್ನ ಬಾಯಲ್ಲೇ ಪರೀಕ್ಷೆ ಮಾಡೋದು ಅವರು," ಎಂದ ಕ್ಷೌರಿಕ.

ಡಾಕ್ಟರಿಗೆ ರೇಗಿತು. ಕೋಟನ್ನು ಎತ್ತಿ, ಕತ್ತು ಬಗ್ಗಿಸಿ, ಆ ದಾರವನ್ನೇ ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಜಗ್ಗಿದರು. ಟಕ್ ಎಂದಿತು.

ದಾರ ತುಂಡಾಗಿರಲಿಲ್ಲ. ಡಾಕ್ಟರ ಮುಂದಿನ ಹಲ್ಲುಗಳು ಅದಕ್ಕೆ ಸಿಕ್ಕಿಕೊಂಡು ಎದೆಯ ಮೇಲೆ ಮಾಲೆಯ ಪದಕದಂತೆ ತೂಗಾಡುತ್ತಿದ್ದವು.

"ಅಯ್ಯೋ!" ಎಂದಳು ಹೆಂಡತಿ. ಕ್ಷೌರಿಕ ಒಳಗೆ ನುಗ್ಗಿ, "ಸೆಟ್ ಆಗಿದ್ರೆ ಒರೆಸಿ ಮತ್ತೆ ಹಾಕ್ಕೋಬಹುದಿತ್ತು ಸಾರ್," ಎಂದ. "ಸ್ಕ್ರೂ ಸಾರ್, ಸ್ಕ್ರೂ!" ಎಂದ ಬಡಗಿ. ಇಬ್ಬರೂ ದರ್ಜಿಯನ್ನು ಎಬ್ಬಿಸಿ ಡಾಕ್ಟರನ್ನು ಅವರ ಕುರ್ಚಿಯಲ್ಲೇ ಮಲಗಿಸಿದರು.

ಸಲಹೆಗಳೆಲ್ಲ ಡಾಕ್ಟರ ಪಾಲಾಗಿ, ದರ್ಜಿ ಬೆಳಗ್ಗಿನಿಂದ ಮೊದಲ ಬಾರಿ ನೆಮ್ಮದಿಯಾಗಿ ಉಸಿರಾಡುವಂತಾಯಿತು. "ನಂದು ಯಾವಾಗ ಡಾಕ್ಟ್ರೇ?" ಎಂದು ಮೆಲ್ಲಗೆ ಕೇಳಿದ.

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು: "ಮೊದ್ಲು ನಂದಾಗ್ಲಿ. ನಂಗೆ ಹಲ್ಲು ಕಟ್ಟೋ ಗೆಳೆಯ ರಜದ ಮೇಲಿದಾನೆ. ಅವನು ಬರೋವರೆಗೂ ಕ್ಲಿನಿಕ್ ಬಂದ್. ಹಲ್ಲಿಲ್ಲದ ಹಲ್ಲಿನ ಡಾಕ್ಟ್ರ ಹತ್ರ ಯಾರ್ರೀ ಬರ್ತಾರೆ?"

ಆಮೇಲೆ ಎದೆಯ ಗುಂಡಿಯನ್ನು ಒಮ್ಮೆ ಎಳೆದು ನೋಡಿ ನಿಟ್ಟುಸಿರು ಬಿಟ್ಟರು.

"ಇದೊಂದು ಮಾತ್ರ ಗಟ್ಟಿಯಾಗಿ ಕೂತಿದೆ ನೋಡಿ."