ಮೂರೂರ ವಿಶ್ವಕಪ್ಪು, ಫೈನಲ್ ಯಾರೂರಾಗ?

ನಂಬೂದಿಲ್ಲಂದ್ರ ಬಿಡ್ರಿ, ನಮ್ಮೂರು ಸಂಖಕ್ಕ ಬಂದು ಯಾರನ್ನರೆ ಕೇಳ್ರಿ. ಮೂರು ದೇಶ ಕೂಡಿ ಫುಟ್‌ಬಾಲ್ ವಿಶ್ವಕಪ್ ನಡಸ್ತಾವಂತ ಮೊಬೈಲಿನಾಗ ಓದಿ, ‘ಹಂಗಾದ್ರ ಸಂಖ, ಕರಜಗಿ, ಸೋನ್ಯಾಳ ಕೂಡಿ ಯಾಕ ನಡಸಬಾರ್ದು?’ ಅಂದಾವ ಈ ತಾಲೂಕಿನಾಗ ನಾನೊಬ್ಬನ. ಯೋಚನಿ ನನ್ನದು, ಚೆಂಡೂ ನನ್ನದು. ಫೈನಲ್ ನಮ್ಮೂರಾಗ ಆಗೂದು ನ್ಯಾಯ ಹೌದೋ ಅಲ್ಲೋ? ಆದ್ರ ಬುದ್ಧಿ ಇದ್ದಾವಗ ಇಂಥಾವು ಆಗತಾನ ಇರ್ತಾವ.

೧. ಮೊದಲ ಪಂಗತಿ

ಯಾವ ಪಂದ್ಯ ಎಲ್ಲಿ ಅಂತ ಹಂಚಾಕ ಮೂರೂ ಊರವರು ಕುಂತಿದ್ವಿ. ಸೋನ್ಯಾಳದ ಹಿರಿಯರೊಬ್ಬರು, ‘ಫೈನಲ್ ನಮ್ಮಲ್ಲಿ, ಮೊದಲನೇ ದಿನಾನ ಆಗ್ಲಿ’ ಅಂದ್ರು.

‘ಅಜ್ಜಾರ, ಫೈನಲ್ ಅಂದ್ರ ಕಡೀ ಆಟರಿ.’

‘ಗೊತ್ತೈತೋ. ಮದವ್ಯಾಗ ಮೊದಲ ಪಂಗತಿಗೆ ಬಿಸಿ ಹೋಳಿಗಿ, ಕಡೀ ಪಂಗತಿಗೆ ಬರೇ ಸಾರು. ಚಲೋ ಆಟ ಯಾಕ ಹಳಸಾಕ ಬಿಡ್ತೀರಿ?’

ತಿಳಿಸಿ ಹೇಳೂದ್ರಾಗ ಚಹಾ ಮೂರು ಸಲ ಬಂತು. ಕಡೀಕ ಉದ್ಘಾಟನಾ ಪಂದ್ಯಕ್ಕ ಒಪ್ಪಿದ್ರು, ಅದಕ್ಕೂ ಒಂದು ಕಪ್ ಇಡಬೇಕಂತ ಕರಾರು ಹಾಕಿ.

೨. ಗೋಲಿನ ಜಾಳಿ

ಫೈನಲ್ಲಿಗಂತ ನಮ್ಮ ಕಾಕಾನ ಬೀಳು ಹೊಲ ಹಿಡಿದೆ. ನಾಕು ದಿನ ಕಲ್ಲು ಆರಿಸಿ, ಸುಣ್ಣದ ಗೆರಿ ಹೊಡದು, ಗೋಲಿಗೆ ಹೊಸಾ ಜಾಳಿ ಕಟ್ಟಿದೆ. ಅಂಥಾ ನೆಟ್ಟನ್ನ ಗೆರಿ ಜತ್ತ ತಾಲೂಕಿನಾಗ ಯಾವನೂ ಹೊಡದಿಲ್ಲ. ಕರಜಗಿಯವರನ್ನ ಕರಕೊಂಡು ಮುಂಜಾನಿ ಮೈದಾನ ತೋರಸಾಕ ಹೋದ್ರ, ಹೊಲದ ತುಂಬ ಕುರಿ. ಗೊಬ್ಬರಕ್ಕಂತ ಕುರಿ ನಿಲ್ಲಸಾಕ ಕಾಕಾ ಮೊದಲೇ ಮಾತು ಕೊಟ್ಟುಬಿಟ್ಟಿದ್ದ.

ಸಿಟ್ಟೀಲೆ ಮುಂದ ಹೋದೆ. ಕುರಿ ಕಾಯೂ ಮಾಮಾ ನಕ್ಕೋತ ಅಂದ, ‘ಬಾ ತಮ್ಮಾ. ನಿನ್ನ ಜಾಳಿ ಬಿಚ್ಚಿ, ಸುತ್ತ ಕಟ್ಟಿ, ಮರಿ ಕೂಡಿ ಹಾಕೇನಿ. ಒಂದೂ ಪಾರಾಗಿಲ್ಲ. ಭಾಳ ಚಲೋ ಮಾಲು ತಂದೀ.’

೩. ಕಚೇರಿ ಇದ್ದೂರು

ಫೈನಲ್ ಕರಜಗಿ ಪಾಲಾತು. ನಾ ಬಿಡಲಿಲ್ಲ. ‘ತಹಶೀಲ ಕಚೇರಿ ಇರೂದು ನಮ್ಮೂರಾಗ. ನಮಗೇನೂ ಮಾನ ಇಲ್ಲೇನ್ರಿ?’

ಕರಜಗಿಯ ಅಣ್ಣ ಒಬ್ಬಾವ ಗೋಣು ಹಾಕಿದ. ‘ಖರೇ ಐತಿ. ಪರವಾನಗಿ ನೀನ ತಗಸು.’

ಅರ್ಜಿಯೊಳಗ ಆಯೋಜಕ ಅಂತ ಒಂದ ಹೆಸರಿಗೆ ಜಾಗ. ಮೂರೂ ಊರ ಪರವಾಗಿ ನನ್ನ ಹೆಸರು ಬರದು, ಎದಿ ಉಬ್ಬಿಸಿ ಸಹಿ ಹಾಕಿದೆ. ಫೈನಲ್ ದಿನ ಮೊದಲ ಸಾಲಿನಾಗ ಕುಂದ್ರಾಕಂತ ಇಸ್ತ್ರಿ ಅಂಗಿ ಹಾಕ್ಕೊಂಡು ಹೋದ್ರ, ಅದ ಅಣ್ಣ ಗೇಟಿನಾಗ ತಡದ.

‘ಪೊಲೀಸರು ಬಂದು ಕಾಗದ ಕೇಳಿದ್ರ ಆಯೋಜಕ ಇಲ್ಲಿರಬೇಕು. ಕುಂದ್ರು ತಮ್ಮಾ.’

ಪೊಲೀಸರು ಬರಲೇ ಇಲ್ಲ. ಒಳಗ ಎಷ್ಟು ಗೋಲಾದ್ವು ಅನ್ನೂದನ್ನ ಮಂದಿ ಕೇಕಿ ಎಣಿಸಿ ತಿಳಕೊಂಡೆ. ಇಡೀ ವಿಶ್ವಕಪ್ ಹುಟ್ಟಿಸಿದಾವಗ ಅವರು ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಖುರ್ಚಿ, ಗೇಟಿನ ಹೊರಗ.